ಅತ್ತೆ ಮಗ ಎಂದರೆ ಕಸಿನ್

ಮೈಸೂರಿನಲ್ಲಿ ನಾವು ಬೆಳೆದ ಬೀದಿಯಲ್ಲಿ ಎದುರುಮನೆಯವರನ್ನು ನಾನೂ ನನ್ನ ತಂಗಿಯೂ ಅತ್ತೆ ಎಂದೇ ಕರೆಯುತ್ತಿದ್ದೆವು. ರಕ್ತಸಂಬಂಧ ಏನೂ ಇರಲಿಲ್ಲ, ಜಾತಿಯೂ ಬೇರೆ. ಪಲ್ಯದ ಬಟ್ಟಲು ಬೀದಿ ದಾಟಿ ಆಚೆ ಈಚೆ ಹೋಗುತ್ತಿದ್ದ ನಂಟು ಅಷ್ಟೆ. ಅವರಿಗೊಬ್ಬ ಮಗ. ಅತ್ತೆಗೆ ಮಗ ಇದ್ದಾನೆಂದರೆ ನಮ್ಮ ಕಡೆ ಹೆಣ್ಣುಮಕ್ಕಳನ್ನು ರೇಗಿಸಲು ಬೇರೇನೂ ಬೇಕಿಲ್ಲ. ಅವನು ಬಾಗಿಲಿಗೆ ಬಂದರೆ ಸಾಕು, ಅಮ್ಮ ಅಡಿಗೆಮನೆಯಿಂದಲೇ, "ಲೇ, ನಿಮ್ಮತ್ತೆ ಮಗ ಬಂದಿದಾನೆ, ತಲೆ ಬಾಚ್ಕೊಂಡು ಬಾರೇ" ಎಂದು ತಂಗಿಯನ್ನು ಕೂಗುತ್ತಿದ್ದಳು. ಹಾಲುಹಲ್ಲು ಇನ್ನೂ ಬೀಳದ ತಂಗಿ ಸಿಟ್ಟಿನಿಂದ ಕಾಲು ಅಪ್ಪಳಿಸುತ್ತಿದ್ದಳು.

ಬಹಳ ವರ್ಷಗಳ ಮೇಲೆ ಅವಳು ಅವನನ್ನೇ ಮದುವೆಯಾಗುತ್ತೇನೆ ಎಂದಳು. ಆಗ ನಾವಿಬ್ಬರೂ ವಿಕ್ಸಮ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಾನು ಮದುವೆಯಾಗಿ ಅಮೆರಿಕಕ್ಕೆ ಬಂದವಳು, ಗಂಡ ತೀರಿಕೊಂಡ ಮೇಲೆ ಇಲ್ಲೇ ಉಳಿದವಳು. ಅವಳು ಓದಲು ಬಂದು ಹತ್ತಿರದ ಡಿಯರ್‌ಬಾರ್ನ್‌ನಲ್ಲಿ ಎಂಜಿನಿಯರ್ ಆದವಳು. ನಾನು ಹತ್ತನೇ ತರಗತಿಯ ಗಣಿತದಲ್ಲಿ ನಪಾಸಾಗಿ ಅಲ್ಲಿಗೇ ಬಿಟ್ಟೆ. ಯಾರಿಗೋಸ್ಕರವೋ ತ್ಯಾಗ ಮಾಡಿದೆ ಎಂದೇನೂ ಅಲ್ಲ, ಓದು ತಲೆಗೆ ಹತ್ತಲಿಲ್ಲ. ವಿಕ್ಸಮ್‌ನಲ್ಲೇ ಒಂದು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತೇನೆ. ಕಾರು ಓಡಿಸಲು ಬಾರದು. ಆಗೆಲ್ಲ ಬೆಳಿಗ್ಗೆ ತಂಗಿಯೇ ನನ್ನನ್ನು ಗೋದಾಮಿನ ಮುಂದೆ ಇಳಿಸಿ ಹೋಗುತ್ತಿದ್ದಳು, ಸಂಜೆ ಅವಳೇ ಕರೆತರುತ್ತಿದ್ದಳು. ಬ್ಯಾಂಕಿನಿಂದ ಬಂದ ಕಾಗದ, ಡಾಕ್ಟರ ಹತ್ತಿರದ ಮಾತು, ಎಲ್ಲವೂ ಅವಳದೇ.

ಹುಡುಗನ ಕೆಲಸ ಶಿಕಾಗೊ ಕಡೆಯ ಓಕ್ ಬ್ರೂಕ್‌ನಲ್ಲಿ. ಕಾರಿನಲ್ಲಿ ನಾಲ್ಕೈದು ಗಂಟೆಯ ದಾರಿ. ಮದುವೆಯಾದ ಮೇಲೆ ತಂಗಿಯೂ ಅಲ್ಲಿಗೇ.

ದೇವಸ್ಥಾನದ ಹಾಲ್‌ನಲ್ಲಿ ಶುಕ್ರವಾರಕ್ಕೆ ಮುಹೂರ್ತ ಇಟ್ಟಿದ್ದರು. ಕೌಂಟಿಯವರು, ಎಂದರೆ ಇಲ್ಲಿನ ಜಿಲ್ಲಾಡಳಿತದವರು, ಕೊಡುವ ಮದುವೆಯ ಲೈಸೆನ್ಸ್ ಕೈಯಲ್ಲಿಲ್ಲದೆ ತಾಳಿ ಕಟ್ಟಿಸುವುದಿಲ್ಲ ಎಂದು ಪುರೋಹಿತರು ಮೊದಲೇ ಹೇಳಿದ್ದರು. ಅರ್ಜಿ ಕೊಟ್ಟ ಮೂರು ದಿನಕ್ಕೆ ಲೈಸೆನ್ಸ್ ಸಿಗುತ್ತದೆ. ಹುಡುಗನಿಗೆ ಸೋಮವಾರವೇ ರಜೆ ಸಿಕ್ಕಿದ್ದು. ಅವತ್ತು ಅರ್ಜಿ ಕೊಡದಿದ್ದರೆ ಶುಕ್ರವಾರದ ಮದುವೆ ಇಲ್ಲ. ಅತ್ತೆ ಆಗಲೇ ಮೈಸೂರಿನಿಂದ ಬಂದು ನಮ್ಮ ಮನೆಯಲ್ಲಿ ಕೂತು ಚಕ್ಕುಲಿ ಒತ್ತುತ್ತಿದ್ದರು.

ಭಾನುವಾರ ನಾನು ಚಪಾತಿ ಲಟ್ಟಿಸುತ್ತಿದ್ದೆ. ತಂಗಿ ಫೋನಿನಲ್ಲಿ ಲೈಸೆನ್ಸಿನ ನಿಯಮಗಳನ್ನು ಓದುತ್ತಾ ಇದ್ದಕ್ಕಿದ್ದಂತೆ ನಕ್ಕಳು. "ಕೇಳಿದ್ಯಾ ಅಕ್ಕ? ಫಸ್ಟ್ ಕಸಿನ್ ಆದ್ರೆ ಇಲ್ಲಿ ಮದುವೆನೇ ಆಗೋ ಹಾಗಿಲ್ಲ. ನಮ್ಮೂರಲ್ಲಿ ಅತ್ತೆ ಮಗ ಇದ್ರೆ ಬೇರೆ ಗಂಡು ಯಾಕೆ ನೋಡ್ತೀರಿ ಅಂತಾರೆ!"

"ಅಯ್ಯೋ, ಹಾಗಾದ್ರೆ ನನ್ನ ಮಗನ್ನ ಜೈಲಿಗೆ ಹಾಕ್ತಾರೇನೇ?" ಎಂದರು ಅತ್ತೆ, ಹಿಟ್ಟಿನ ಕೈಯಲ್ಲೇ. ಮೂವರೂ ನಕ್ಕೆವು. ನಾನೂ ನಕ್ಕಿದ್ದೆ ಎಂಬುದನ್ನು ಇಲ್ಲಿ ಬರೆಯಲೇಬೇಕು. ಆ ಮಾತು ನನ್ನ ಕಿವಿಗೆ ಬಿದ್ದಿತ್ತು, ಅರ್ಥವೂ ಆಗಿತ್ತು.

ಮಾರನೆಯ ದಿನ ಕೌಂಟಿ ಕ್ಲರ್ಕ್ ಕಚೇರಿಗೆ ನಾನು ಹೋಗಬೇಕೆಂದೇನೂ ಇರಲಿಲ್ಲ. "ಅಮ್ಮ ಇಲ್ಲ, ನೀನಾದ್ರೂ ಜೊತೇಲಿ ಬಾ" ಎಂದು ತಂಗಿಯೇ ಕರೆದಳು. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟೆ. ಕಾರಿನಲ್ಲಿ ಹುಡುಗ ಮುಂದೆ ಕೂತಿದ್ದ, ನಾನು ಹಿಂದೆ. ದಾರಿಯಲ್ಲಿ ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿ, "ಅಕ್ಕ, ಮನೆ ಲೀಸ್ ಜೂನ್‌ಗೆ ಮುಗಿಯುತ್ತೆ. ಆಮೇಲೆ ನಿಂಗೆ ಗೋದಾಮಿನ ಹತ್ರಾನೇ ಒಂದು ಸಣ್ಣ ಸ್ಟುಡಿಯೊ ಮನೆ ನೋಡೋಣ. ನಡ್ಕೊಂಡೇ ಹೋಗ್ಬಹುದು" ಎಂದಳು. ಹೂಂ ಎಂದೆ. ಪಾರ್ಕಿಂಗ್‌ನಲ್ಲಿ ಇಳಿಯುವಾಗ ಇನ್ನೊಂದು ಮಾತು ಹೇಳಿದಳು: "ಕೌಂಟರ್ ಹತ್ರ ನೀನೇನೂ ಮಾತಾಡ್ಬೇಡ, ಆಯ್ತಾ? ನಾನೇ ಮಾತಾಡ್ತೀನಿ."

ಕೆಟ್ಟದ್ದನ್ನೇನೂ ಹೇಳಿರಲಿಲ್ಲ ಅವಳು. ಡಾಕ್ಟರ ಹತ್ತಿರವೂ ಹಾಗೇ ಹೇಳುತ್ತಿದ್ದಳು. ಅವತ್ತು ಮಾತ್ರ ಅದು ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಕೌಂಟರಿನ ಆಚೆ ಕನ್ನಡಕಕ್ಕೆ ಮಣಿಸರ ಕಟ್ಟಿಕೊಂಡಿದ್ದ ವಯಸ್ಸಾದ ಹೆಂಗಸು ಇದ್ದಳು. ಅರ್ಜಿ ನೋಡಿದಳು, ಗುರುತಿನ ಚೀಟಿ ನೋಡಿದಳು, ಎಲ್ಲ ಸರಿಯಾಗಿತ್ತು. ಪ್ರಿಂಟರ್ ಕೆಲಸ ಮಾಡುತ್ತಿರುವಾಗ ನನ್ನ ಸೀರೆ ಮೆಚ್ಚಿದಳು. ನೀವು ಅಕ್ಕನೇ ಇರಬೇಕು, ಇವರಿಬ್ಬರಿಗೆ ಪರಿಚಯ ಆದದ್ದು ಹೇಗೆ ಎಂದು ನಗುತ್ತಾ ಇಂಗ್ಲಿಷಿನಲ್ಲಿ ಕೇಳಿದಳು. ನನ್ನನ್ನೇ ನೋಡಿ ಕೇಳಿದಳು. ಎಷ್ಟೋ ದಿನದ ಮೇಲೆ ಯಾರೋ ನನ್ನನ್ನು ಮಾತಾಡಿಸಿದಂತಾಯಿತು.

"ಹೀ ಈಸ್ ಅವರ್ ಕಸಿನ್," ಎಂದೆ. "ಆಂಟಿ ಸನ್."

ಅದು ಬಾಯಿತಪ್ಪಿ ಬಂದದ್ದು. ದೇವರಾಣೆ. ಅತ್ತೆ ಮಗ ಎಂಬುದಕ್ಕೆ ನನಗೆ ಗೊತ್ತಿದ್ದ ಇಂಗ್ಲಿಷ್ ಅದೊಂದೇ.

ಆ ಹೆಂಗಸಿನ ನಗು ನಿಂತಿತು. "ಫಸ್ಟ್ ಕಸಿನ್?" ಎಂದು ಕೇಳಿದಳು.

ಭಾನುವಾರದ ಅಡಿಗೆಮನೆ ನನಗೆ ನೆನಪಾಯಿತು. ಚಪಾತಿ, ತಂಗಿಯ ನಗು, ಎಲ್ಲವೂ. ಅದರ ಜೊತೆಗೇ ಜೂನ್ ತಿಂಗಳೂ ನೆನಪಾಯಿತು.

"ಯೆಸ್," ಎಂದೆ. "ಫಸ್ಟ್."

ಮೊದಲನೆಯ ಮಾತಿಗೆ ನನ್ನ ದಡ್ಡತನ ಕಾರಣ. ಎರಡನೆಯದಕ್ಕೆ ನಾನು.

ಆ ಹೆಂಗಸು ಪ್ರಿಂಟರಿನಿಂದ ಕಾಗದ ತೆಗೆದು ಬೋರಲು ಇಟ್ಟು, ಮೇಲಿನವರನ್ನು ಕರೆಯಲು ಒಳಗೆ ಹೋದಳು. ತಂಗಿ ನನ್ನ ಕಡೆ ತಿರುಗಿದಳು. "ಅಕ್ಕ! ಏನು ಹೇಳ್ದೆ ಗೊತ್ತಾ ನೀನು?" ಹುಡುಗ ಮಾತ್ರ ಸಮಾಧಾನವಾಗಿ, "ಬಿಡೇ, ಅಕ್ಕಂಗೇನು ಗೊತ್ತು ಪಾಪ. ನಮ್ಮ ಕಡೆ ಮಾತೇ ಹಾಗಲ್ವಾ" ಎಂದ. ಆ 'ಪಾಪ' ಎಂಬ ಮಾತಿನ ಹಿಂದೆ ನಾನು ಅಡಗಿಕೊಂಡೆ. ಅಡಗಲು ಒಳ್ಳೆಯ ಜಾಗ ಅದು, ಹತ್ತನೇ ತರಗತಿ ನಪಾಸಾದವಳಿಗೆ.

ಒಳಗಿನಿಂದ ಒಬ್ಬ ಗಂಡಸು ಬಂದ. ತಂಗಿ ಅವನಿಗೆ ವಿವರಿಸಿದಳು. ನಮ್ಮ ಭಾಷೆಯಲ್ಲಿ ಎದುರುಮನೆಯವರೂ ಅತ್ತೆ, ಬಸ್ಸಿನಲ್ಲಿ ಪಕ್ಕ ಕೂತವರೂ ಅಕ್ಕ, ತರಕಾರಿ ಮಾರುವವನೂ ಅಣ್ಣ ಎಂದಳು. ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿತು. ಅವನು ತಾಳ್ಮೆಯಿಂದ ಕೇಳಿಸಿಕೊಂಡು ನನ್ನ ಕಡೆ ತಿರುಗಿ, ಈ ಹುಡುಗನ ತಾಯಿ ನಿಮ್ಮ ತಂದೆಯ ಒಡಹುಟ್ಟಿದವಳೇ ಎಂದು ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಕೇಳಿದ. ನನಗೆ ಅರ್ಥವಾಯಿತು. ನಾನು ಅರ್ಥವಾಗದವಳ ಮುಖ ಮಾಡಿದೆ.

"ನೋ ಇಂಗ್ಲಿಷ್," ಎಂದೆ.

ಆಗ ತಂಗಿ ನನ್ನ ಎರಡೂ ಕೈ ಹಿಡಿದುಕೊಂಡಳು. "ಅಕ್ಕ, ಅತ್ತೆ ನಮ್ಮಪ್ಪನ ಸ್ವಂತ ತಂಗಿನಾ ಅಂತ ಕೇಳ್ತಿದಾರೆ. ಅಲ್ಲ ಅಂತ ಹೇಳಕ್ಕ. ಅಷ್ಟೇ. ಒಂದೇ ಮಾತು." ಅವಳನ್ನು ಸ್ಕೂಲಿಗೆ ಸೇರಿಸಿದ ದಿನ ಗೇಟಿನ ಹತ್ತಿರ ಹೀಗೇ ಹಿಡಿದುಕೊಂಡಿದ್ದಳು. ಅವತ್ತು ನಾನು ಬಿಡಿಸಿಕೊಂಡು ಬಂದಿದ್ದೆ.

"ನೋ," ಎಂದೆ, ಆ ಗಂಡಸಿನ ಕಡೆ ತಿರುಗಿ.

ಅವನು ಹುಡುಗ ಹುಡುಗಿ ಇಬ್ಬರ ತಂದೆತಾಯಿಯರ ವಿವರಗಳನ್ನು ಮತ್ತೊಮ್ಮೆ ನೋಡಿದ. ಇಬ್ಬರಿಂದಲೂ ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದ. ಅರ್ಜಿ ತೆಗೆದುಕೊಂಡ. ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ, "ಆಯ್ತೇನ್ರೇ?" ಎಂದು ನನ್ನ ಬಾಯಿಗೊಂದು ಚಕ್ಕುಲಿ ತುರುಕಿದರು. ಶುಕ್ರವಾರ ಮದುವೆ ನಡೆಯಿತು. ಧಾರೆ ಎರೆಯುವಾಗ ನಾನು ಅತ್ತದ್ದನ್ನು ಎಲ್ಲರೂ ಅಕ್ಕನ ಪ್ರೀತಿ ಎಂದರು.

ಈಗ ಅದು ಓಕ್ ಬ್ರೂಕ್‌ನ ಮನೆಯ ದೊಡ್ಡ ಜೋಕು. ನೆಂಟರು ಬಂದರೆ ತಂಗಿ ಅದನ್ನು ಅಭಿನಯಿಸಿಯೇ ಹೇಳುತ್ತಾಳೆ. ಹೋದ ಸಲ ನಾನು ಹೋಗಿದ್ದಾಗ ಊಟಕ್ಕೆ ನಾಲ್ಕಾರು ಜನ ಬಂದಿದ್ದರು. "ಅಕ್ಕ, ನೀನೇ ಹೇಳು, ನೀನು ಹೇಳಿದ್ರೇನೇ ಮಜಾ" ಎಂದಳು. ಹೇಳಿದೆ. ಯೆಸ್, ಫಸ್ಟ್ ಎನ್ನುವ ಕಡೆ ಎಲ್ಲರೂ ಬಿದ್ದು ಬಿದ್ದು ನಕ್ಕರು. "ಪಾಪ ಆಂಟಿ, ಅವರಿಗೇನು ಗೊತ್ತು" ಎಂದು ಯಾರೋ ಅಂದರು.

"ಗೊತ್ತಿತ್ತು," ಎಂದೆ. "ಅವಳು ಕೇಳಿದ್ದು ನಂಗೆ ಅರ್ಥ ಆಗಿತ್ತು."

ಅವರು ಇನ್ನೂ ಜೋರಾಗಿ ನಕ್ಕರು, ಅದೂ ಜೋಕಿನ ಬಾಲವೆಂದುಕೊಂಡು. ತಂಗಿಯೂ ನಕ್ಕಳು. ಆದರೆ ಎಲ್ಲರಿಗಿಂತ ಮೊದಲು ಅವಳ ನಗು ನಿಂತಿತು.

ಮರುದಿನ ನನ್ನನ್ನು ಶಿಕಾಗೊ ಸ್ಟೇಷನ್ನಿಗೆ ಬಿಡಲು ಅವಳೇ ಡ್ರೈವ್ ಮಾಡುತ್ತಿದ್ದಳು. ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು. "ಯಾಕಕ್ಕ?"

ಎಷ್ಟೋ ಉತ್ತರ ಕಟ್ಟಿಟ್ಟುಕೊಂಡಿದ್ದೆ.

"ನಂಗೆ ಕಾರ್ ಓಡ್ಸೋಕೆ ಬರಲ್ಲ ಕಣೇ," ಎಂದೆ.

ಸ್ಟೇಷನ್ನಿಗೆಂದು ನಾವು ಹೆದ್ದಾರಿಯಿಂದ ತಿರುಗಬೇಕಿದ್ದ ಎಕ್ಸಿಟ್ ಬಂತು. ಅವಳು ನೋಡುತ್ತಿದ್ದಂತೆಯೇ ಹಿಂದೆ ಸರಿದು ಹೋಯಿತು.