ಅಡಿಗೆ ಕೋಣೆಯ ಶಾಂತ ಮೂಲೆ

ನಮ್ಮೂರ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು ಬಾಗೇವಾಡಿಯಲ್ಲಿ ಮೂರು ದಿನದ ತರಬೇತಿ ಮುಗಿಸಿ ಬಂದ ಮೇಲೆ ನನ್ನ ಕೆಲಸ ಹೆಚ್ಚಾಯಿತು. ಮಕ್ಕಳನ್ನು ಹೊಡೆಯದೆ, ಬೈಯದೆ ಹತೋಟಿಯಲ್ಲಿ ಇಡುವುದು ಹೇಗೆ ಅನ್ನುವ ತರಬೇತಿ ಅದು. ಗದ್ದಲ ಮಾಡುವ ಮಗುವನ್ನು ಸ್ವಲ್ಪ ಹೊತ್ತು ಶಾಂತ ಮೂಲೆಯಲ್ಲಿ ಕೂರಿಸಬೇಕು ಎಂದು ಹೇಳಿಕೊಟ್ಟಿದ್ದರಂತೆ. ನಮ್ಮದು ಎರಡು ಕೋಣೆಯ ಶಾಲೆ, ಐದನೆಯ ತರಗತಿಯವರೆಗೆ. ಎರಡು ಕೋಣೆಯಲ್ಲೂ ಮೂಲೆ ಮೂಲೆಗೆ ಮಕ್ಕಳೇ. ಉಳಿದದ್ದು ನಾನು ಬಿಸಿಯೂಟ ಬೇಯಿಸುವ ಕೋಣೆ. ಅದರ ಬಾಗಿಲಿಗೆ ಅಕ್ಕೋರು ‘ಶಾಂತ ಮೂಲೆ’ ಎಂದು ಹಾಳೆ ಅಂಟಿಸಿದರು. ಒಳಗೆ ಎರಡು ಒಲೆ, ಕೂಗುವ ಕುಕ್ಕರು. ಶಾಂತಿ ಎಲ್ಲಿಂದ ಬರಬೇಕು.

ಅಕ್ಕೋರು ಕೆಟ್ಟವರಲ್ಲ. ಇಂಡಿ ತಾಲೂಕಿನ ಕಡೆಯವರು, ನಿಡಗುಂದಿಯಲ್ಲಿ ಬಾಡಿಗೆ ಮನೆ. ಬಸ್ಸಿನಲ್ಲಿ ನಿಂತು ಬಂದು, ಬಂದವರೇ ನಿಂತು ಪಾಠ ಹೇಳಬೇಕು. ಸಂಜೆಗೆ ಗಂಟಲು ಸತ್ತಿರುತ್ತಿತ್ತು. ತರಬೇತಿಯಿಂದ ಬಂದ ದಿನವೇ ತಮ್ಮ ಛಡಿಯನ್ನು ನನ್ನ ಕೈಗೆ ಕೊಟ್ಟು ಒಲೆಗೆ ಹಾಕಿರಿ ಅಂದರು. ನನ್ನದು ಗ್ಯಾಸಿನ ಒಲೆ. ಛಡಿಯಿಂದ ನಾಯಿ ಓಡಿಸಿದೆ.

ಮೊದಲ ವಾರ ನಾಲ್ಕೈದು ಮಕ್ಕಳು ಬಂದವು. ಬೇಳೆ ಆರಿಸಲು ಕೊಟ್ಟೆ, ಬೇಸತ್ತು ಓಡಿಹೋದವು. ಒಬ್ಬಳು ಮಾತ್ರ ದಿನಾ ಬರತೊಡಗಿದಳು, ಐದನೆಯ ತರಗತಿಯ ಹುಡುಗಿ. ಪಕ್ಕದವಳನ್ನು ಚಿವುಟುತ್ತಾಳೆ, ಪುಸ್ತಕ ಎಸೆಯುತ್ತಾಳೆ ಎಂದು ಅಕ್ಕೋರು ಕಳಿಸುತ್ತಿದ್ದರು. ಆಕೆಯ ತಾಯಿ ನಮ್ಮ ಓಣಿಯವಳೇ. ಈ ವರ್ಷ ಹುಡುಗಿಗೆ ಓದಲು ಬಂದರೆ ಮುದ್ದೇಬಿಹಾಳ ರಸ್ತೆಯ ದೊಡ್ಡ ಶಾಲೆಗೆ ಆರನೆಯದಕ್ಕೆ ಕಳಿಸುವುದು, ಬಾರದಿದ್ದರೆ ತನ್ನ ಜೊತೆ ಹೊಲಕ್ಕೆ ಉಳ್ಳಾಗಡ್ಡಿ ಕೀಳಲು ಕರೆದೊಯ್ಯುವುದು ಎಂದು ಹೇಳಿಬಿಟ್ಟಿದ್ದಳು. ಆಡಿದ ಮಾತು ಬಿಡುವ ಹೆಂಗಸಲ್ಲ.

ನನ್ನ ಹತ್ತಿರ ಹುಡುಗಿ ಬೆಕ್ಕಿನ ಹಾಗೆ ಕೂರುತ್ತಿದ್ದಳು. ಮರುದಿನದ ಬೇಳೆ ಆರಿಸುವಳು, ಬೆಳ್ಳುಳ್ಳಿ ಸುಲಿಯುವಳು. ನನಗೂ ಅನುಕೂಲವಾಯಿತು, ಸುಳ್ಳು ಯಾಕೆ ಹೇಳಲಿ. ಬೇಳೆಯೊಳಗಿನ ಹರಳು ಈಗ ನನ್ನ ಕಣ್ಣಿಗೆ ಕಾಣುವುದಿಲ್ಲ. ಹೀಗೆ ಒಂದು ತಿಂಗಳು ಹೋಯಿತು. ಆಮೇಲೆ ನನ್ನ ದಪ್ಪ ತಲೆಗೆ ಹೊಳೆಯಿತು. ಆಕೆ ದಿನಾ ಬರುವುದು ನಾನು ಬೇಳೆ ಇಟ್ಟು ಅಕ್ಕಿ ತೊಳೆಯುವ ಹೊತ್ತಿಗೇ. ಗಣಿತದ ಹೊತ್ತಿಗೆ ಬರುವುದಿಲ್ಲ, ಆಟದ ಹೊತ್ತಿಗೆ ಬರುವುದಿಲ್ಲ. ಒಂದು ದಿನ ಕುಕ್ಕರು ಇಳಿಸಿ ಆಕೆಯ ತರಗತಿಯ ಕಡೆ ಕಿವಿ ಕೊಟ್ಟೆ. ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಎದ್ದು ಪಾಠ ಓದುತ್ತಿದ್ದರು. ಸರದಿ ಆಕೆಯ ಹತ್ತಿರ ಬಂತು, ಪಕ್ಕದವಳು ಚೀರಿದಳು, ಅಕ್ಕೋರು ಹೋಗು ಅಂದರು. ಹುಡುಗಿ ಬಂದು ಮೊರ ಎಳೆದುಕೊಂಡಳು.

ನಾನು ಕಸಿದುಕೊಂಡೆ. “ನಿನಗ ಓದಾಕ ಬರಂಗಿಲ್ಲ. ಅದಕ್ಕ ಬಾಜೂದಾಕಿನ್ನ ಚೂಟಿ ಓಡಿ ಬರ್ತಿ.”

“ನಿನಗರ ಬರ್ತೈತೇನು, ಆಯಿ?” ಅಂದಳು. ಶಾಲೆಯಲ್ಲಿ ಎಲ್ಲರೂ ನನ್ನನ್ನು ಆಯಿ ಅನ್ನುತ್ತಾರೆ.

ಕೇಳಿದ್ದು ತಪ್ಪಲ್ಲ. ನಾನು ಮೂರನೆಯದಕ್ಕೇ ಶಾಲೆ ಬಿಟ್ಟವಳು. ಮಾಸ್ತರರು ಪಾಠದ ಹೊತ್ತಿನಲ್ಲಿ ನನ್ನನ್ನು ನೀರು ತರಲು ಕಳಿಸುತ್ತಿದ್ದರು, ನನಗೂ ಅದೇ ಬೇಕಾಗಿತ್ತು. ಈಗಲೂ ಒಂದು ಸಾಲು ಕೂಡಿಸಿ ಓದುವಷ್ಟರಲ್ಲಿ ಅನ್ನ ಸೀಯುತ್ತದೆ.

ಮಧ್ಯಾಹ್ನ ತಾಟು ತೊಳೆಯುವಾಗ ಅಕ್ಕೋರಿಗೆ ಹೇಳಿದೆ. ಗದ್ದಲದ ಹಿಂದಿನ ಕಾರಣ ಹುಡುಕಿರಿ ಎಂದು ತರಬೇತಿಯಲ್ಲೂ ಹೇಳಿದ್ದರು, ಎರಡು ತರಗತಿ ಒಂದೇ ಕೋಣೆಯಲ್ಲಿ ಇಟ್ಟುಕೊಂಡು ಯಾವಾಗ ಹುಡುಕಲಿ ಅಂದರು.

“ಹುಡುಕೋದೇನೈತ್ರಿ, ನಾ ಹುಡುಕೇನಿ. ನಾಳಿಂದ ಕಳಸಬ್ಯಾಡ್ರಿ. ನಾ ಬಾಗಲಾ ತೆಗಿಯಂಗಿಲ್ಲ.”

“ಹಂಗಾದ್ರ ಆಕಿನ್ನ ನಾ ಏನ್ ಮಾಡ್ಲಿ, ಆಯಿ?” ಸಿಟ್ಟಿನಲ್ಲಿ ಕೇಳಿದರೋ ಸಾಕಾಗಿ ಕೇಳಿದರೋ ತಿಳಿಯಲಿಲ್ಲ.

ಎಲ್ಲರ ಮುಂದೆ ಓದಿಸಬೇಡಿರಿ, ಚಹಾ ಕುಡಿಯುವ ಹೊತ್ತಿನಲ್ಲಿ ಒಬ್ಬಳನ್ನೇ ಓದಿಸಿರಿ, ಚಹಾ ನಾನೇ ಮಾಡಿ ತರುತ್ತೇನೆ ಅಂದೆ. ಅಂದು ಕೆಟ್ಟೆ. ವರ್ಷವಿಡೀ ಚಹಾ ನನ್ನ ಪಾಲಿಗೆ ಬಂತು.

ಮೊದಲೆರಡು ದಿನ ಹುಡುಗಿ ನನ್ನ ಬಾಗಿಲ ಮುಂದೆ ಬಿಸಿಲಲ್ಲಿ ಕೂತು ತಾಟು ಬಡಿದಳು. ತೆಗೆಯಲಿಲ್ಲ. ಮೂರನೆಯ ದಿನ ಅಕ್ಕೋರು ಆಕೆಯನ್ನು ಶಾಲೆಯ ಕಟ್ಟೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡರು. ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯ ಬೆರಳು ಪುಸ್ತಕದ ಮೇಲೆ. ಚಿವುಟುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಒಂದು ದಿನ ಓದಿದರೆ ಎರಡು ದಿನ ಮುಖ ತಿರುಗಿಸುವಳು. ಒಮ್ಮೆ ಆಕೆ ಎಸೆದ ಪುಸ್ತಕ ನನ್ನ ಸಾರಿನೊಳಗೇ ಬಿತ್ತು.

ಅಷ್ಟರಲ್ಲಿ ಅಕ್ಕೋರಿಗೆ ಮತ್ತೆ ತರಬೇತಿ, ಅದೇ ವಿಷಯದ ಎರಡನೆಯ ಭಾಗ, ಈ ಸಲ ಸಿಂದಗಿಯಲ್ಲಿ. ಬದಲಿಗೆ ಯಾರೂ ಬರಲಿಲ್ಲ. ಹೆಡ್‌ಮಾಸ್ತರರು ಎರಡೂ ಕೋಣೆಗೆ ಓಡಾಡಿದರು. ಆ ದಿನಗಳಲ್ಲಿ ಹುಡುಗಿಯನ್ನು ನಾನೇ ಓದಿಸಿದೆ. ನನಗೆ ಬಾರದ ಕಡೆ ಇಬ್ಬರೂ ಬಾಯಿ ಮುಚ್ಚಿ ಮುಂದಕ್ಕೆ ಹೋದೆವು. ಅಕ್ಕೋರು ತಿರುಗಿ ಬಂದಾಗ ಆಕೆ ಎರಡು ಪಾಠ ಹಿಂದೆ ಬಿದ್ದಿದ್ದಳು. ಅವರು ಕಟ್ಟೆಯ ಮೇಲೆ ಕೂತು ತಲೆ ಹಿಡಿದುಕೊಂಡರು.

“ಮಕ್ಕಳನ್ನ ಹೆಂಗ್ ನೋಡ್ಕೋಬೇಕು ಅಂತ ಕಲಸಾಕ ನಮ್ಮನ್ನ ಮಕ್ಕಳಿಂದ ಎಬ್ಬಿಸಿ ಒಯ್ತಾರ,” ಅಂದರು. ಆಮೇಲೆ ಮತ್ತೆ ಮೊದಲಿನಿಂದ ಹಿಡಿದರು.

ಪರೀಕ್ಷೆ ಮುಗಿದ ಮೇಲೆ ತಾಯಿ ಬಂದಳು. ಉಳ್ಳಾಗಡ್ಡಿ ಹೊಲದಿಂದ ನೇರ ಬಂದಿದ್ದಳು, ಕಾಲಲ್ಲಿ ಕೆಸರು. ಅಕ್ಕೋರು ಹುಡುಗಿಯ ಕೈಗೆ ಪುಸ್ತಕ ಕೊಟ್ಟರು. ಹುಡುಗಿ ಓದಿದಳು. ತೊದಲಿದಳು, ನಿಂತಳು, ನಡುವೆ ಎರಡು ಸಾಲು ಹಾರಿಸಿದಳು. ಅಕ್ಕೋರು ತಿದ್ದಲಿಲ್ಲ. ತಾಯಿಗೆ ಓದು ಬಾರದು, ಸರಿಯೋ ತಪ್ಪೋ ಎಂದು ಅಕ್ಕೋರನ್ನು ಕೇಳಲೂ ಇಲ್ಲ. ನನ್ನ ಮುಖ ನೋಡಿದಳು.

“ಓದಿದ್ಳೇನು?”

“ಓದಿದ್ಳು,” ಅಂದೆ.

“ಹಂಗಾದ್ರ ಹೋಗ್ಲಿ.”

ಜೂನಿನಲ್ಲಿ ಹುಡುಗಿ ಬಸ್ಸು ಹತ್ತಿ ದೊಡ್ಡ ಶಾಲೆಗೆ ಹೋದಳು. ಅಲ್ಲಿ ಆಕೆ ಹಾರಿಸಿದ ಆ ಎರಡು ಸಾಲನ್ನು ಯಾರಾದರೂ ಕೇಳಿರಬಹುದು. ನಾನು ವಿಚಾರಿಸಿಲ್ಲ.