ಕಚ್ಚದ ಮೆಟ್ಟು

ಹರಳೆಣ್ಣೆಯಲ್ಲಿ ಜೇನುಮೇಣ ಕರಗುವ ವಾಸನೆ ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ ಕಾಣೆ. ಮೊದಲು ಎಣ್ಣೆಯ ಮಂದವಾದ, ಹಸಿಹಸಿ ವಾಸನೆ. ಆಮೇಲೆ ಮೇಣ ಕರಗುತ್ತಾ ಬಂದಂತೆ ಅದರೊಳಗಿಂದ ಹೂವಿನದೋ ಹೊಗೆಯದೋ ಹೇಳಲಾಗದ ಒಂದು ಸಿಹಿ. ಮೊನ್ನೆ ನನ್ನ ಸೊಸೆ ಹಿಮ್ಮಡಿಯ ಒಡಕಿಗೆಂದು ಯಾರೋ ಹೇಳಿಕೊಟ್ಟಂತೆ ಅದನ್ನು ಕಾಯಿಸುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ. ಆ ವಾಸನೆಯ ಹಿಂದೆ ಹನೂರಿನ ನಮ್ಮ ಮನೆಯಿದೆ, ಜಗಲಿಯ ಮೇಲೆ ಕೂತ ಅಜ್ಜಿಯಿದ್ದಾಳೆ. ಹದಿಮೂರನೆಯ ವಯಸ್ಸಿನಲ್ಲಿ ನಾನು ಹೇಳಿದ ಒಂದು ಸುಳ್ಳೂ ಇದೆ.

ನಮ್ಮದು ಬಂಡಳ್ಳಿ ರಸ್ತೆಯ ಪಕ್ಕದ ನಾಡಹೆಂಚಿನ ಮನೆ. ರಾಗಿ, ಜೋಳದ ಹೊಲ, ಕೆರೆಯ ಕೆಳಗೆ ಒಂದಿಷ್ಟು ಗದ್ದೆ. ಸಂಜೆ ಹೊಲದಿಂದ ಬಂದವರು ಯಾರೇ ಆಗಲಿ, ಅಪ್ಪನೇ ಆಗಲಿ, ಅಜ್ಜಿಗೆ ಕಾಲು ತೋರಿಸದೆ ಒಳಗೆ ಹೋಗುವಂತಿರಲಿಲ್ಲ. ಹಂಡೆಯ ಬಿಸಿನೀರಿಗೆ ಒಂದಿಷ್ಟು ಉಪ್ಪು ಹಾಕಿ ಕಾಲು ನೆನೆಸಬೇಕು, ಹೆಂಚಿನ ಚೂರಿನಿಂದ ಹಿಮ್ಮಡಿ ಉಜ್ಜಬೇಕು, ಹಳೆಯ ಸೀರೆಯ ತುಂಡಿನಿಂದ ಬೆರಳ ಸಂದು ಸಂದನ್ನೂ ಒರೆಸಬೇಕು, ಆಮೇಲೆ ಆ ಬೆಚ್ಚಗಿನ ಮೇಣದೆಣ್ಣೆ. ಬೆರಳ ಸಂದಿಗೆ ಎಣ್ಣೆ ಹಚ್ಚಿದರೆ ಬಯ್ಯುತ್ತಿದ್ದಳು. ಅಲ್ಲಿ ಒಣಗಿದ್ದರೇನೇ ಗದ್ದೆಯ ಕೆಸರುಹುಣ್ಣು ಹತ್ತಿರ ಬರುವುದಿಲ್ಲ ಎನ್ನುವುದು ಅವಳ ಲೆಕ್ಕ. "ಮುಕವ ಊರೆಲ್ಲ ನೋಡ್ತದ ಮಗ, ಕಾಲ ನಾವೇ ನೋಡ್ಕಬೇಕು" ಎನ್ನುತ್ತಿದ್ದಳು. ನನಗೆ ಬಂದಿದ್ದು ಅವಳದೇ ಕಾಲು. ಅಗಲವಾದ ಮುಂಗಾಲು, ಒಂದಕ್ಕೊಂದು ತಾಗದ ಹಾಗೆ ಬಿಡಿಸಿಕೊಂಡ ಬೆರಳು. ನೆಲ ಹಿಡಿದುಕೊಳ್ಳುವ ಕಾಲು ಎಂದು ಅವಳು ಹೊಗಳುವಾಗ ನನಗೂ ಹೆಮ್ಮೆಯಾಗುತ್ತಿತ್ತು.

ಅರವತ್ತೈದರಲ್ಲಿ ನನ್ನನ್ನು ಹೈಸ್ಕೂಲಿಗೆ ಕೊಳ್ಳೇಗಾಲದ ಚಿಕ್ಕಮ್ಮನ ಮನೆಗೆ ಕಳಿಸುವುದೆಂದು ತೀರ್ಮಾನವಾಯಿತು. ಪೇಟೆಯ ಶಾಲೆಗೆ ಬರಿಗಾಲಲ್ಲಿ ಹೋಗಬಾರದೆಂದು ಅಪ್ಪ ಮಾದಯ್ಯನವರನ್ನು ಕರೆಸಿದರು. ಈಗ ಬರೆಯುವಾಗ ಮಾದಯ್ಯನವರು ಎನ್ನುತ್ತಿದ್ದೇನೆ. ಆಗ ಐವತ್ತರ ಆಸುಪಾಸಿನ ಆ ಮನುಷ್ಯನನ್ನು ಮನೆಯ ಮಕ್ಕಳೆಲ್ಲ ಬಾ, ಹೋಗು ಎಂದೇ ಕರೆಯುತ್ತಿದ್ದೆವು. ಊರಾಚೆಯ ಕೇರಿಯವರು, ಸುತ್ತ ನಾಲ್ಕು ಹಳ್ಳಿಗೆ ಮೆಟ್ಟು ಹೊಲಿದುಕೊಡುತ್ತಿದ್ದವರು. ನಮ್ಮ ಜಗಲಿ ಹತ್ತುವಂತಿರಲಿಲ್ಲ, ಅಂಗಳದ ಅಂಚಿನ ಹೊಂಗೆಮರದ ಕೆಳಗೆ ಕೂರಬೇಕಿತ್ತು. ಬೆಳಿಗ್ಗೆ ಹೇಳಿಕಳಿಸಿದರೆ ಅವರು ಬಂದದ್ದು ಹೊತ್ತು ಇಳಿದ ಮೇಲೆ. ಅಪ್ಪ ರೇಗಿದರು. ಮಾದಯ್ಯನವರು ನಿಧಾನವಾಗಿ ಹೇಳಿದರು: "ಕಾಲು ಸಂದೆಗೆ ಉಬ್ತದ ಬುದ್ಧಿ. ಒತ್ತಾರೆ ಅಳ್ದ ಮೆಟ್ಟು ಸಂದೆಗೆ ಕಚ್ತದ."

ರಟ್ಟಿನ ಮೇಲೆ ನನ್ನನ್ನು ನಿಲ್ಲಿಸಿ, ಕಾಲಿನ ಸುತ್ತ ಇದ್ದಿಲಿನಿಂದ ಗೆರೆ ಎಳೆದರು. ಕೈ ನನಗೆ ತಾಗದಂತೆ ಎಷ್ಟು ಎಚ್ಚರದಿಂದ ಎಳೆದರೆಂದರೆ, ಇದ್ದಿಲಿನ ತುದಿ ಮಾತ್ರ ಬೆರಳ ಪಕ್ಕದಲ್ಲಿ ಇರುವೆಯ ಹಾಗೆ ಹರಿದುಹೋಯಿತು. ಪಾದದ ಸುತ್ತಳತೆಗೆ ದಾರ ಕೊಟ್ಟು, "ನೀನೇ ಸುತ್ಕಳವ್ವ, ಬಿಗೀಬ್ಯಾಡ" ಎಂದರು. ಎಡಗಾಲು ಬಲಗಾಲಿಗಿಂತ ತುಸು ದೊಡ್ಡದಿತ್ತು. "ಎಲ್ಲಾರ್ಗೂ ಅಂಗೇಯ. ದೊಡ್ಡ ಕಾಲ ನೋಡಿ ಅಳತೆ ತಗೀಬೇಕು. ಚಿಕ್ಕದ್ನ ನೋಡಿದ್ರೆ ದೊಡ್ಡದು ಅಳ್ತದ." ಎಂಟು ದಿನಕ್ಕೆ ಮೆಟ್ಟು ತಂದರು. ತಂಗಡಿ ಚಕ್ಕೆಯಲ್ಲಿ ಹದ ಮಾಡಿದ ಕಂದು ಚರ್ಮ, ಹೆಬ್ಬೆರಳಿಗೊಂದು ಉಂಗುರ, ಪಾದದ ಮೇಲೆ ಅಗಲವಾದ ಮೆತ್ತನೆಯ ಪಟ್ಟಿ, ಹಿಂದೆ ಏನೂ ಇಲ್ಲದ ತೆರೆದ ಹಿಮ್ಮಡಿ. ಹರಳೆಣ್ಣೆ ಕುಡಿದು ಚರ್ಮ ಮಿರುಗುತ್ತಿತ್ತು. ಮೊದಲು ಮನೆಯಲ್ಲೇ ಸ್ವಲ್ಪ ಸ್ವಲ್ಪ ಹೊತ್ತು ಹಾಕಿಕೊಂಡು ಓಡಾಡು, ಆಮೇಲೆ ದೂರ ಹೋಗು ಎಂದು ಹೇಳಿಹೋದರು. ಹಾಕಿಕೊಂಡರೆ ಹಾಕಿಕೊಂಡಂತೆಯೇ ಇರಲಿಲ್ಲ. ಅಷ್ಟು ಹಿತವಾಗಿತ್ತು.

ಕೊಳ್ಳೇಗಾಲದಲ್ಲಿ ಚಿಕ್ಕಮ್ಮನ ಮನೆ ಇದ್ದದ್ದು ರೇಷ್ಮೆ ನೇಯುವವರ ಬೀದಿಯಲ್ಲಿ. ಮಗ್ಗಗಳ ಸದ್ದಿನಲ್ಲೇ ಏಳುತ್ತಿದ್ದೆವು. ಶಾಲೆಯಲ್ಲಿ ಹುಡುಗಿಯರು ಚಪ್ಪಲಿಗಳನ್ನು ತರಗತಿಯ ಹೊರಗೆ ಸಾಲಾಗಿ ಬಿಡಬೇಕಿತ್ತು. ಆ ಸಾಲಿನಲ್ಲಿ ನನ್ನ ಮೆಟ್ಟು ಬೇರೆಲ್ಲಕ್ಕಿಂತ ಅಗಲವಾಗಿ, ಒಂದು ಜೋಡಿಯ ಜಾಗದಲ್ಲಿ ಒಂದೂವರೆ ಜೋಡಿ ಇಟ್ಟಂತೆ ಕಾಣುತ್ತಿತ್ತು. ಎರಡನೆಯ ದಿನವೇ ಯಾರೋ ಬಾತುಕೋಳಿ ಎಂದರು. ವಾರ ತುಂಬುವುದರೊಳಗೆ ಅದೇ ನನ್ನ ಹೆಸರಾಯಿತು. ಪಕ್ಕದಲ್ಲಿ ಕೂರುತ್ತಿದ್ದ ವಸಂತ ಮಾತ್ರ ನಗುತ್ತಿರಲಿಲ್ಲ. ಅವಳ ತಂದೆ ಯಾವುದೋ ಆಫೀಸಿನಲ್ಲಿ ದೊಡ್ಡ ಕೆಲಸದಲ್ಲಿದ್ದರು. ಅವಳದು ಕಪ್ಪು ಬಣ್ಣದ, ಬಕಲ್ ಇದ್ದ, ಮೂತಿ ಚೂಪಾದ ಬೂಟು. ಅವಳಿಗೆ ಹೊಸದು ಬಂದಾಗ, "ಇದು ನಂಗೆ ಚಿಕ್ಕದಾಯ್ತು, ನೀನಿಟ್ಕೊ" ಎಂದು ಹಳೆಯದನ್ನು ಕೊಟ್ಟಳು. ಅವಳಿಗೇ ಚಿಕ್ಕದಾದದ್ದು ನನ್ನ ಕಾಲಿಗೆ ಹೇಗೆ ಆದೀತು ಎಂದು ನಾನು ಯೋಚಿಸಲೇ ಇಲ್ಲ. ಬೆರಳುಗಳನ್ನು ಒಂದರ ಮೇಲೊಂದು ಮಡಚಿ ಒಳಗೆ ತುರುಕಿದೆ. ಬಕಲ್ ಹಾಕಿಕೊಂಡು ನಿಂತಾಗ ಕಣ್ಣಲ್ಲಿ ನೀರು ಬಂತು. ಆದರೆ ಕೆಳಗೆ ನೋಡಿದರೆ ಕಾಲು ಸಣ್ಣಗೆ, ಪೇಟೆಯ ಕಾಲಿನ ಹಾಗೆ ಕಾಣುತ್ತಿತ್ತು.

ಅಲ್ಲಿಂದ ದಿನವೂ ಒಂದೇ ಕಳ್ಳತನ. ಚಿಕ್ಕಮ್ಮನ ಮನೆಯಿಂದ ಮಾದಯ್ಯನವರ ಮೆಟ್ಟಿನಲ್ಲೇ ಹೊರಡುವುದು; ಬೀದಿ ತಿರುವಿನಲ್ಲಿದ್ದ ವಸಂತಳ ಮನೆಯಲ್ಲಿ ಅದನ್ನು ಕಳಚಿಟ್ಟು ಬೂಟು ಹಾಕುವುದು; ಸಂಜೆ ಮತ್ತೆ ಬದಲಾಯಿಸಿ ಮನೆಗೆ ಬರುವುದು. ನಾಲ್ಕೇ ದಿನಕ್ಕೆ ಎಡಗಾಲಿನ ಕಿರುಬೆರಳ ಪಕ್ಕ, ಹಿಮ್ಮಡಿಯ ಹಿಂಬದಿ, ಎರಡೂ ಕಡೆ ಬೊಬ್ಬೆ ಎದ್ದಿತು. ಒಡೆಯಿತು. ಕಾಲುಚೀಲ ಗಾಯಕ್ಕೆ ಅಂಟಿಕೊಂಡು, ಸಂಜೆ ಎಳೆದಾಗ ಚರ್ಮವೂ ಬರುತ್ತಿತ್ತು. ಅಜ್ಜಿಯಿಂದ ಅಷ್ಟೆಲ್ಲ ಕಲಿತಿದ್ದ ನಾನು ಕಾಲು ತೊಳೆದು ನೋಡಿಕೊಳ್ಳಲೂ ಹೆದರಿ, ಹಾಗೆಯೇ ಲಂಗದಡಿ ಮುಚ್ಚಿಕೊಂಡು ಮಲಗುತ್ತಿದ್ದೆ. ಮೂರನೆಯ ವಾರ ಕೀವು ತುಂಬಿ, ತೊಡೆಯ ಸಂದಿಯಲ್ಲಿ ಗೆಡ್ಡೆ ಕಟ್ಟಿ, ಜ್ವರ ಬಂದು, ನಿಲ್ಲಲಾಗದೆ ಬಿದ್ದೆ. ಚಿಕ್ಕಮ್ಮ ಕಾಲಿಗೆ ಬಟ್ಟೆ ಸುತ್ತಿ ಬಸ್ಸಿನಲ್ಲಿ ಹನೂರಿಗೆ ಕರೆತಂದರು. ನನ್ನ ಮೆಟ್ಟನ್ನೂ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು.

"ಏನಾಯ್ತವ್ವ?" ಎಂದರು ಅಪ್ಪ. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ, "ಹೊಸ ಮೆಟ್ಟು ಕಚ್ಚೈತೆ ಭಾವ" ಎಂದರು. ನಾನು ತಲೆಯಾಡಿಸಿದೆ. ಮೊದಲು ಅದು ಬರೀ ತಲೆಯಾಡಿಸಿದ್ದು. ಅಪ್ಪ ಮತ್ತೆ ಕೇಳಿದಾಗ ಮಾತೂ ಬಂತು. "ಊಂ, ಮಾದಯ್ಯನ ಮೆಟ್ಟು ಕಚ್ತು." ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು, ಇನ್ನೆರಡು ದಿನ ಬಿಟ್ಟಿದ್ದರೆ ಕಾಲಿಗೇ ಸಂಚಕಾರವಿತ್ತು ಎಂದು ಹೇಳಿ ಹೋದರು. ಅದನ್ನು ಕೇಳಿದ ಅಪ್ಪನಿಗೆ ತಡೆಯಲಾಗಲಿಲ್ಲ.

ಮಾರನೆಯ ಬೆಳಿಗ್ಗೆ ಮಾದಯ್ಯನವರು ಬಂದಾಗ ಅಂಗಳದಲ್ಲಿ ಬೀದಿಯ ಏಳೆಂಟು ಜನ ಸೇರಿದ್ದರು. ಅಪ್ಪ ಮೆಟ್ಟನ್ನು ಅವರ ಮುಂದೆ ಎಸೆದರು. "ಕೂಸಿನ ಕಾಲ್ನೇ ತಿಂದಾಕ್ಬುಟ್ಟಲ್ಲೋ ಮಾದ. ಇನ್ಮೇಲೆ ಈ ಊರಲ್ಲಿ ಯಾರ್ಗೂ ಮೆಟ್ಟು ಒಲೀಬ್ಯಾಡ." ಮಾದಯ್ಯನವರು ಬಗ್ಗಿ ಮೆಟ್ಟನ್ನು ಎತ್ತಿಕೊಂಡರು. "ಒಂದ್ಕಿತ ಕಾಲು ತೋರ್ಸವ್ವ" ಎಂದರು. ನಾನು ಬಾಗಿಲ ಮರೆಯಲ್ಲಿ ಮಣೆಯ ಮೇಲೆ ಕೂತಿದ್ದೆ. ಅವ್ವ ಪಟ್ಟಿ ಬಿಚ್ಚಿದಳು. ಅವರು ಜಗಲಿಯ ಕೆಳಗಿನಿಂದಲೇ ಕತ್ತು ಚಾಚಿ ಕಿರುಬೆರಳನ್ನು ನೋಡಿದರು. ಆಮೇಲೆ ಹಿಮ್ಮಡಿಯ ಹಿಂದಿನ ಗಾಯವನ್ನು ತುಂಬ ಹೊತ್ತು ನೋಡಿದರು. ಕೈಯಲ್ಲಿದ್ದ ಮೆಟ್ಟಿನ ಒಳಗೆ ಹೆಬ್ಬೆರಳು ಆಡಿಸಿದರು. ವಾರಗಟ್ಟಲೆ ದಿನವಿಡೀ ತುಳಿದ ಮೆಟ್ಟಿನಲ್ಲಿ ಬೆರಳ ಗುರುತು ಕಪ್ಪಗೆ ಕೂರುತ್ತದೆ. ಅದರಲ್ಲಿದ್ದದ್ದು ನಾಲ್ಕು ದಿನ ತುಳಿದಷ್ಟು ಮಸುಕಾದ ಗುರುತು; ರಕ್ತದ, ಕೀವಿನ ಕಲೆ ಒಂದೂ ಇರಲಿಲ್ಲ. ಅವರು ತಲೆಯೆತ್ತಿ ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ, ಏನೋ ಕೇಳಿ ಉತ್ತರಕ್ಕೆ ಕಾಯುವವರ ಹಾಗಿತ್ತು. ನಾನು ಕಣ್ಣು ತಗ್ಗಿಸಿದೆ. "ಚರ್ಮ ಸರ್ಯಾಗಿ ಹದ ಆಗಿರ್ನಿಲ್ಲ ಬುದ್ಧಿ. ನಂದೇ ತಪ್ಪು" ಎಂದು ಹೇಳಿ, ಮೆಟ್ಟನ್ನು ತಮ್ಮ ವಸ್ತ್ರದಲ್ಲಿ ಸುತ್ತಿಕೊಂಡು ಹೋದರು.

ಸಂಜೆ ಅಜ್ಜಿ ಗಾಯ ತೊಳೆಯುವಾಗ ಹತ್ತಿರ ಯಾರೂ ಇರಲಿಲ್ಲ. ಹಿಮ್ಮಡಿಯ ಹಿಂದೆ ಬೇವಿನ ನೀರು ಹಾಕುತ್ತಾ, "ಇಂದ್ಗಡೆ ಪಟ್ಟಿನೇ ಇಲ್ದ ಮೆಟ್ಟು ಇಲ್ಲೆಂಗ್ ಕಚ್ತು ಮಗ?" ಎಂದಳು. ನಾನು ಅಳುತ್ತಾ ಎಲ್ಲ ಹೇಳಿದೆ. ಅವಳು ಅಪ್ಪನಿಗೆ ಹೇಳುತ್ತಾಳೆ, ನನಗೆ ಏಟು ಬೀಳುತ್ತದೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ ಎಂದುಕೊಂಡು ನನಗೆ ಒಂಥರಾ ಹಗುರವೇ ಆಯಿತು. ಅಜ್ಜಿ ಗಾಯಕ್ಕೆ ಬಟ್ಟೆ ಕಟ್ಟಿದಳು. ಕೊನೆಗೆ, "ನಿಮ್ಮಪ್ಪ ನಾಕ್ ಜನದ ಮುಂದೆ ಆಡ್ಬುಟ್ಟವ್ನೆ. ಇನ್ನು ಆ ಮಾದನ ಮುಂದೆ ತಲೆ ತಗ್ಗಿಸಕಾಯ್ತದಾ? ಬುಡು, ಬಾಯ್ಬುಡ್ಬ್ಯಾಡ" ಎಂದಳು. ಇಡೀ ಮನೆಯ ಕಾಲುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದ ಅಜ್ಜಿ ಆಡಿದ ಮಾತು ಇದು. ನಾನು ಅವಳನ್ನು ಈಗಲೂ ಪ್ರೀತಿಸುತ್ತೇನೆ. ಆ ಮಾತು ಮಾತ್ರ ಕರಗಿಲ್ಲ.

ಗಾಯ ಮಾಯುವಷ್ಟರಲ್ಲಿ ಮಾದಯ್ಯನ ಮೆಟ್ಟು ಕಚ್ಚುತ್ತದೆ ಎನ್ನುವುದು ಊರ ಮಾತಾಗಿತ್ತು. ಮಕ್ಕಳು ಅವರನ್ನು ಕಂಡರೆ ಕಾಲು ಎಳೆದು ಕುಂಟಿ ತೋರಿಸುತ್ತಿದ್ದರು. ಒಂದೊಂದೇ ಮನೆಯವರು ಅವರಿಗೆ ಹೇಳಿಕಳಿಸುವುದನ್ನು ಬಿಟ್ಟರು. ಆ ವರ್ಷಗಳಲ್ಲೇ ಟೈರಿನ ಚಪ್ಪಲಿ, ರಬ್ಬರಿನ ಚಪ್ಪಲಿ ಬಂದವು. ಹೇಗೂ ಅವರ ಕೆಲಸ ನಿಲ್ಲುವುದೇ ಇತ್ತು ಎಂದು ನಾನು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ರಬ್ಬರು ಬರುವ ಮುಂಚೆಯೇ ಮಾದಯ್ಯನವರು ಹೆಂಡತಿಯೊಂದಿಗೆ ಊರು ಬಿಟ್ಟಿದ್ದರು. ಎಲ್ಲಿಗೆ ಹೋದರೆಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ಅವರನ್ನು ಮತ್ತೆ ಕಂಡದ್ದು ಎಪ್ಪತ್ತಮೂರರಲ್ಲಿ. ಆಗ ನನಗೆ ಮದುವೆಯಾಗಿತ್ತು, ಯಳಂದೂರಿನಲ್ಲಿ ಪ್ರೈಮರಿ ಶಾಲೆಯ ಮೇಡಂ ಆಗಿದ್ದೆ. ಮನೆಯವರ ಜೊತೆ ಮಹದೇಶ್ವರನ ಬೆಟ್ಟಕ್ಕೆ ಹೋಗಿದ್ದಾಗ, ಬಸ್ಸು ನಿಲ್ಲುವ ಕಡೆ ತಗಡಿನ ನೆರಳಲ್ಲಿ ಕಿತ್ತ ಚಪ್ಪಲಿಗಳ ರಾಶಿಯ ನಡುವೆ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. "ಬಾರು ಕಿತ್ತೋಯ್ತಾ ಅವ್ವ?" ಎಂದರು, ತಲೆಯೆತ್ತದೆ. ನಾನು ಯಾರೆಂದು ಹೇಳಿದೆ. ದಿಟ್ಟಿಸಿ ನೋಡಿ, "ಅಜ್ಜಿ ಚೆಂದಾಗವ್ರಾ?" ಎಂದು ಕೇಳಿದರು. ತೀರಿಕೊಂಡು ಎರಡು ವರ್ಷವಾಯಿತು ಎಂದೆ. "ಒಳ್ಳೇವ್ರು" ಎಂದರು. ಆ ಮಾತು ನನಗೆ ತಡೆಯಲಾಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ.

"ಅವತ್ತೇ ಗೊತ್ತಿತ್ತು ಕಣವ್ವ. ಇಮ್ಮಡಿ ಇಂದೆ ಕಚ್ಚಕ್ಕೆ ನನ್ ಮೆಟ್ನಲ್ಲಿ ಏನಿತ್ತು?"

"ಮತ್ತೆ ಯಾಕೆ ತಪ್ಪು ಒಪ್ಪಿಕೊಂಡ್ರಿ?" ಅವರೊಡನೆ ನಾನು ಬಹುವಚನದಲ್ಲಿ ಮಾತಾಡಿದ್ದು ಅದೇ ಮೊದಲು.

"ನಿಮ್ಮಂಗ್ಳದಲ್ಲಿ ನಿಂತ್ಕಂಡು ನಿಮ್ ಕೂಸು ಸುಳ್ಳೇಳ್ತದ ಅನ್ನಕ್ಕಾಯ್ತದಾ? ಅಂದಿದ್ರೆ ನಮ್ ಕೇರೀನೇ ಉಳಿಸ್ತಿರ್ನಿಲ್ಲ."

ತಪ್ಪಾಯಿತು ಎಂದು ಕೈಮುಗಿದೆ. ಅವರು ಉಳಿಯನ್ನು ಕಲ್ಲಿನ ಮೇಲೆ ಮಸೆಯುತ್ತಾ, ಯಾವುದೋ ಬಾರಿನ ವಿಷಯ ಹೇಳುವಷ್ಟೇ ಸಹಜವಾಗಿ ಹೇಳಿದರು: "ನಂಗೇಳಿ ಏನ್ ಬಂತವ್ವ? ನಂಗೆ ಗೊತ್ತಿರಾದೇಯ. ಗೊತ್ತಿಲ್ದೋರ್ಗೆ ಏಳು."

ಬೆಟ್ಟದಿಂದ ಇಳಿದವಳು ನೇರ ಹನೂರಿಗೆ ಹೋದೆ. ಅಪ್ಪ ಜಗಲಿಯ ಮೇಲೆ ಕಾಲು ನೀಡಿಕೊಂಡು ಕೂತಿದ್ದರು. ಸಕ್ಕರೆ ಕಾಯಿಲೆ ಬಂದು ಪಾದ ಜೋಮು ಹಿಡಿದಿತ್ತು. ರಬ್ಬರಿನ ಚಪ್ಪಲಿಯ ಬಾರು ಉಜ್ಜಿ ಬೆರಳ ಸಂದಿಯಲ್ಲಿ ಹುಣ್ಣಾಗಿದ್ದದ್ದು ಅವರಿಗೇ ಗೊತ್ತಿರಲಿಲ್ಲ. ಅಜ್ಜಿ ಹೋದ ಮೇಲೆ ಆ ಮನೆಯಲ್ಲಿ ಯಾರ ಕಾಲನ್ನೂ ಯಾರೂ ನೋಡುತ್ತಿರಲಿಲ್ಲ. ನಾನು ಬಿಸಿನೀರು ತಂದೆ. ಅಪ್ಪನಿಗೆ ಬಿಸಿ ತಿಳಿಯುವುದಿಲ್ಲವೆಂದು ನನ್ನ ಮೊಣಕೈ ಅದ್ದಿ ನೋಡಿ, ಕಾಲು ತೊಳೆದು ಒರೆಸಿದೆ. ಮಾತು ಬಾಯಿಯ ತನಕ ಬಂದಿತ್ತು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, "ನೀನೊಬ್ಳು ಇದ್ದೀಯಲ್ಲವ್ವ" ಎಂದರು. ಬಂದ ಮಾತು ಹಿಂದಕ್ಕೆ ಹೋಯಿತು. ಮುಂದಿನ ಬಾರಿ ಹೇಳೋಣ ಎಂದುಕೊಂಡೆ. ಮುಂದಿನ ಬಾರಿಯೂ ಹಾಗೆಯೇ ಅಂದುಕೊಂಡೆ. ಎರಡು ವರ್ಷದ ಮೇಲೆ ಆ ಕಾಲಿನ ಹುಣ್ಣಿನಿಂದಲೇ ಅವರು ಹೋದರು. ಮಾದಯ್ಯನವರೂ ಬೆಟ್ಟದಲ್ಲೇ ಕಾಲವಾದರೆಂದು ಅದಾದ ಮೇಲೆ ಯಾರೋ ಹೇಳಿದರು.

ಹೋದ ವರ್ಷ ಒಂದು ಮದುವೆಗೆಂದು ಹನೂರಿಗೆ ಹೋಗಿದ್ದೆ. ನಮ್ಮ ಮನೆ ಮಾರಿ ಬಹಳ ಕಾಲವಾಗಿದೆ. ಅಲ್ಲಿ ಈಗ ಮೂರು ಮಳಿಗೆಗಳ ಕಟ್ಟಡ. ಅಂದು ಅಂಗಳದಲ್ಲಿ ನಿಂತಿದ್ದವರಲ್ಲಿ ಒಬ್ಬರೂ ಉಳಿದಿಲ್ಲ. ಮಳಿಗೆಯ ಮೆಟ್ಟಿಲ ಮೇಲೆ ಬಸ್ಸಿಗೆ ಕಾಯುತ್ತಿದ್ದ ನಡುವಯಸ್ಸಿನವನೊಬ್ಬ ಮಾತಿಗೆ ಸಿಕ್ಕಿದ. ನಮ್ಮ ಬೀದಿಯವನೇ, ಆಗ ಕುಂಟಿ ತೋರಿಸುತ್ತಿದ್ದ ಮಕ್ಕಳಲ್ಲೊಬ್ಬನ ಮಗ. ನನಗೆ ಏನನ್ನಿಸಿತೋ, ಕೇಳಿಯೇಬಿಟ್ಟೆ. ಮಾದಯ್ಯನ ಮೆಟ್ಟು ಕಚ್ಚುತ್ತದೆ ಎನ್ನುತ್ತಿದ್ದರಲ್ಲ, ನಿಮ್ಮ ತಂದೆ ಹೇಳಿದ್ದರಾ? ಅದು ಸುಳ್ಳು ಎಂದೆ. ಆ ಸುಳ್ಳು ಹೇಳಿದವಳು ನಾನೇ ಎಂದೆ.

ಅವನು ಮರ್ಯಾದೆಯಿಂದ ಎದ್ದು ನಿಂತ. "ಯಾವ ಮಾದಯ್ಯ ಅಮ್ಮ?" ಎಂದ.

ನಾನು ಮೊದಲಿನಿಂದ ಹೇಳತೊಡಗಿದೆ. ಅಷ್ಟರಲ್ಲಿ ಬೆಟ್ಟದ ಬಸ್ಸು ಬಂತು. ಅವನು ಬರ್ತೀನಮ್ಮ ಎಂದು ಹತ್ತಿಹೋದ.