ಮೆದುವಡಾದ ಮೇಲೊಂದು ಕೋಟೆ

ನಮ್ಮ ರಾಜ್ಯದ ರಾಜಧಾನಿ ಮೆದುವಡಾದ ಮೇಲಿತ್ತು. ಹಾಳುಬಿದ್ದ ದೇವಸ್ಥಾನ ಉಪ್ಪಿಟ್ಟಿನ ಮೇಲೆ. ಸಾದಾ ದೋಸೆಯಿಂದ ಮೈಸೂರು ಮಸಾಲೆಯವರೆಗೆ ಹಬ್ಬಿದ್ದು ರಾಕ್ಷಸರ ಕಾಡು. ಇದನ್ನೆಲ್ಲ ಹೊರಗಿನವರಿಗೆ ವಿವರಿಸುವುದು ಕಷ್ಟ. ನಮ್ಮ ಅತ್ತೆಯವರಿಗೆ ವಿವರಿಸಲು ಹೋಗಿ ನಾನು ಸೋತಿದ್ದೇನೆ. ಆದರೆ ಈ ರಾಜ್ಯದ ದೆಸೆಯಿಂದ ನನ್ನ ಗೆಳೆಯನೊಬ್ಬ ಕೈಯಲ್ಲಿದ್ದ ನೌಕರಿ ಬಿಡಲು ಹೊರಟಿದ್ದ, ಬಿಡಬೇಕೋ ಬೇಡವೋ ಎಂಬ ಮಾತು ಕೊನೆಗೆ ನನ್ನ ತಲೆಗೇ ಬಂತು. ಹಾಗಾಗಿ ಇನ್ನೊಮ್ಮೆ ಪ್ರಯತ್ನಿಸುತ್ತೇನೆ.

ಬೈಕುಲ್ಲಾ ಸ್ಟೇಷನ್ನಿನ ಹತ್ತಿರ ಉಡುಪಿ ಕಡೆಯವರದೊಂದು ಹೋಟೆಲಿತ್ತು. ಅದರ ಮಾಲೀಕರ ಮಗಳು ಕಾಲೇಜಿನಲ್ಲಿ ನನ್ನ ಬೆಂಚಿನವಳು. ಭಾನುವಾರ ಊಟದ ಗಿರಾಕಿಗಳೆಲ್ಲ ಹೋಗಿ, ಸಂಜೆಯ ಚಹಾದವರು ಇನ್ನೂ ಬಾರದೆ, ಹೋಟೆಲು ತೂಕಡಿಸುವ ಹೊತ್ತೊಂದಿದೆಯಲ್ಲ, ಆಗ ಮೇಲಿನ ಫ್ಯಾಮಿಲಿ ರೂಮಿನ ಮೂಲೆ ಟೇಬಲ್ ನಮ್ಮದು. ನಾವು ನಾಲ್ವರು. ಹೋಟೆಲಿನವಳು, ಬೆಳಗಾವಿ ಮನೆತನದ ನಾನು, ದಾದರಿನ ಒಬ್ಬ ಹಲ್ಲಿನ ಡಾಕ್ಟರ್, ಮತ್ತೆ ವಿಜಯಪುರದ ಕಡೆಯ ಗೆಳೆಯ. ಡಾಕ್ಟರಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ತೆರೆದರೆ ಮಾತ್ರ ನಡುನಡುವೆ ಹಿಂದಿ ನುಸುಳುತ್ತದೆ. ವಿಜಯಪುರದವನ ನೌಕರಿ ಬಿಲ್ಡರುಗಳಿಗೆ ಬೇಕಾದದ್ದು: ಇನ್ನೂ ಕಟ್ಟದ ಫ್ಲ್ಯಾಟುಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಸೋಫಾ ಇಟ್ಟು, ಕಿಟಕಿಯಲ್ಲಿ ಸಮುದ್ರ ತೋರಿಸುವುದು.

ಆಟ ಇಷ್ಟೇ. ಒಬ್ಬರು ಕತೆ ಹೇಳುತ್ತಾರೆ, ಉಳಿದವರು ಅದರೊಳಗಿನ ಪಾತ್ರಗಳಾಗುತ್ತಾರೆ. 'ನಿಮ್ಮ ಮುಂದೊಂದು ಬಾಗಿಲಿದೆ, ಒಳಗೆ ಯಾರೋ ಅಳುತ್ತಿದ್ದಾರೆ, ಏನು ಮಾಡುತ್ತೀರಿ?' ಎಂದು ಕೇಳಿದರೆ ಒಬ್ಬ ಬಾಗಿಲು ಒದೆಯುತ್ತಾನೆ, ಒಬ್ಬಳು ಬೀಗ ಮುರಿಯುತ್ತಾಳೆ, ಇನ್ನೊಬ್ಬ ಓಡಿಹೋಗುತ್ತಾನೆ. ಗೆದ್ದರೋ ಸೋತರೋ ಎಂದು ಹೇಳುವುದು ಇಪ್ಪತ್ತು ಮುಖದ ದಾಳ. ಆಟದ ದಪ್ಪ ಇಂಗ್ಲಿಷ್ ಪುಸ್ತಕವನ್ನು ಪೂರ್ತಿ ಓದುವ ಹಟ ನನಗೊಬ್ಬಳಿಗೇ ಇದ್ದದ್ದರಿಂದ ಕತೆ ಹೇಳುವ ಕೆಲಸ ನನಗೆ ಬಂತು. ಪುಸ್ತಕ ಇಂಗ್ಲಿಷಿನದಾದರೂ ನಮ್ಮ ರಾಕ್ಷಸರು ಕನ್ನಡದಲ್ಲಿ ಬೈಯುತ್ತಿದ್ದರು, ಮರಾಠಿಯಲ್ಲಿ ಚೌಕಾಶಿ ಮಾಡುತ್ತಿದ್ದರು.

ಆ ಟೇಬಲ್ಲಿನ ಮೇಲೆ ಮೂಲೆ ಒಡೆದ ದಪ್ಪ ಗಾಜು, ಗಾಜಿನ ಕೆಳಗೆ ಮೆನು. ನಾನು ಮಾರ್ಕರ್ ಹಿಡಿದು ಗಾಜಿನ ಮೇಲೆಯೇ ನಕ್ಷೆ ಬರೆಯುತ್ತಿದ್ದೆ. ಗೋಡೆಗೊಂದು ಗೀಟು, ಬಾಗಿಲಿಗೊಂದು ಅಡ್ಡಗೀಟು, ನದಿಗೆ ಸೊಟ್ಟಗೀಟು. ಉಪ್ಪಿನ ಡಬ್ಬಿ ಕಾವಲು ಗೋಪುರ, ಬಡೀಸೋಪಿನ ಕಾಳುಗಳು ಶತ್ರು ಸೈನ್ಯ. ದಾಳ ಉರುಳಿ ಕೆಳಗೆ ಬೀಳದಂತೆ ಸಾಂಬಾರಿನ ಸ್ಟೀಲ್ ವಾಟಿಯಲ್ಲಿ ಹಾಕಿ ಅಲುಗಾಡಿಸುತ್ತಿದ್ದೆವು. ಸತ್ತ ಸೈನ್ಯವನ್ನು ಡಾಕ್ಟರ್ ತಿಂದುಬಿಡುತ್ತಿದ್ದ. ಯಾವ ಊರು ಎಲ್ಲಿದೆ ಎನ್ನುವುದಕ್ಕೆ ಕೆಳಗೆ ಕಾಣುವ ತಿಂಡಿಯ ಹೆಸರೇ ಗುರುತು. "ನಾನು ಇಡ್ಲಿ ಮೇಲೆ ಇದ್ದೀನಿ, ದೋ ಸ್ಟೆಪ್‌ನಲ್ಲಿ ಉಪ್ಪಿಟ್ಟಿಗೆ ಬರ್ತೀನಿ" ಎಂದು ಡಾಕ್ಟರ್ ಗಂಭೀರವಾಗಿ ಹೇಳಿದರೆ ಯಾರೂ ನಗುತ್ತಿರಲಿಲ್ಲ. ಹೋಟೆಲಿನವರು ಮೆನು ಬದಲಾಯಿಸಿ ಚೈನೀಸ್ ಸೇರಿಸಿದಾಗ ನಮ್ಮ ರಾಜ್ಯಕ್ಕೆ ಪೂರ್ವದಲ್ಲೊಂದು ಹೊಸ ಸೀಮೆ ಸಿಕ್ಕಿತು. ಶೆಜ್ವಾನ್ ಸೀಮೆಯನ್ನು ಗೆಲ್ಲಲು ನಮಗೆ ಒಂದಿಡೀ ಮಳೆಗಾಲ ಹಿಡಿಯಿತು.

ಚಹಾ-ತಿಂಡಿಯ ಖರ್ಚಿಗೆ ಎಲ್ಲರೂ ಕಾಂಟ್ರಿ, ಅಂದರೆ ತಮ್ಮ ಪಾಲಿನ ದುಡ್ಡು, ಹಾಕುವುದು, ಆದರೆ ಕತೆ ಹೇಳುವವಳಿಂದ ತೆಗೆದುಕೊಳ್ಳುವ ಹಾಗಿಲ್ಲ. ಇದು ಹೋಟೆಲಿನವಳ ಅಪ್ಪನ ಕಾನೂನು. ಅವರಿಗೆ ಯಕ್ಷಗಾನದ ಹುಚ್ಚು, ಅದರಲ್ಲೂ ಹಾಡಿ ಕತೆ ನಡೆಸುವ ಭಾಗವತರೆಂದರೆ ಭಕ್ತಿ. ಮೊದಲ ದಿನ ನಾನು ಪರ್ಸು ತೆಗೆದಾಗ ಹೌಹಾರಿದರು. "ಎಂಥ ಮಾರಾಯ್ತಿ, ಭಾಗವತರ ಹತ್ರ ಯಾರಾದ್ರೂ ಚಾದ ದುಡ್ಡು ಕೇಳ್ಲಿಕ್ಕುಂಟಾ?" ಇಷ್ಟು ಮರ್ಯಾದೆ ಕೊಟ್ಟವರೇ ಸಂಜೆ ಆಯಿತೆಂದರೆ ಭಾಗವತರೆಂದೂ ನೋಡುತ್ತಿರಲಿಲ್ಲ. ಯುದ್ಧ ಎಷ್ಟೇ ಜೋರಾಗಿರಲಿ, ಕೆಳಗಿನ ಗಲ್ಲೆಯಿಂದ ಕೂಗು ಬರುತ್ತಿತ್ತು: "ಐದೂವರೆ ಆಯ್ತು, ಟೇಬಲ್ ಬಿಡಿ ಮಾರಾಯ್ರೆ!" ಮಗಳು ಒದ್ದೆಬಟ್ಟೆ ತಂದು ಒಂದೇ ಕೈಯಲ್ಲಿ ರಾಜಧಾನಿ, ಕಾಡು, ನದಿ ಎಲ್ಲವನ್ನೂ ಒರೆಸಿಬಿಡುತ್ತಿದ್ದಳು. ಮುಂದಿನ ವಾರ ಮತ್ತೆ ಬರೆಯುವಾಗ ಕೋಟೆ ಎಲ್ಲಿತ್ತೆಂದು ಜಗಳವಾದರೆ ಮೆನುವೇ ಸಾಕ್ಷಿ.

ಆಮೇಲೆ ಆ ಹಳೆಯ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಯಿತು. ಹೋಟೆಲು ಮುಚ್ಚಿತು. ಟೇಬಲ್, ಕುರ್ಚಿ, ಗ್ರೈಂಡರ್ ಎಲ್ಲ ಹಳೆಯ ಸಾಮಾನಿನವರ ಟೆಂಪೋ ಹತ್ತಿದವು. ಹೋಟೆಲಿನವಳು ಅಪ್ಪನನ್ನು ಕರೆದುಕೊಂಡು ವಸಯಿಗೆ ಹೋದಳು, ವಿಜಯಪುರದವನು ಡೊಂಬಿವಲಿ ಸೇರಿದ, ನಾನು ಮದುವೆಯಾಗಿ ಬೊರಿವಲಿಗೆ ಬಂದೆ. ಭಾನುವಾರ ಬಂತೆಂದರೆ ಹಳಿ ರಿಪೇರಿಯೆಂದು ಲೋಕಲ್ ರೈಲಿಗೆ ಮೆಗಾಬ್ಲಾಕ್. ಕಂಪ್ಯೂಟರಿನಲ್ಲಿ ಆಡುವ ಟೇಬಲ್ಲುಗಳು ಸಿಗುತ್ತವೆಂದು ಗೊತ್ತಾಗಿ ಅದನ್ನೂ ನೋಡಿದೆವು. ಪರದೆಯ ಮೇಲೆ ಚೌಕುಳಿ ಕಾಗದ, ಅದರ ಮೇಲೆ ಬಿಲ್ಲೆಗಳು. ಆಡಿದೆವು, ಆದರೆ ಒಬ್ಬರ ಪಾಳಿ ಬರುವಷ್ಟರಲ್ಲಿ ಇನ್ನೊಬ್ಬರು ಬಟ್ಟೆ ಒಣಹಾಕಲು ಎದ್ದುಹೋಗುತ್ತಿದ್ದರು. ಯಾವ ಹೋಟೆಲಿಗೆ ಹೋದರೂ ನಾನು ಮೊದಲು ಟೇಬಲ್ಲಿಗೆ ಗಾಜಿದೆಯೇ ಎಂದು ನೋಡುತ್ತಿದ್ದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಹೋದ ವರ್ಷ ಒಂದು ಭಾನುವಾರ ವಿಜಯಪುರದವನು ಎಲ್ಲರನ್ನೂ ಕಾಲ್‌ಗೆ ಕರೆದು, ತಾನು ಕದ್ದುಮುಚ್ಚಿ ಮಾಡುತ್ತಿದ್ದ ಕೆಲಸವನ್ನು ತೋರಿಸಿದ. ತ್ರೀಡಿ ಟೇಬಲ್. ಫ್ಲ್ಯಾಟುಗಳಿಗೆ ಕಲಿತ ವಿದ್ಯೆಯನ್ನೆಲ್ಲ ಧಾರೆ ಎರೆದಿದ್ದ. ಕಲ್ಲಿನ ಕೋಟೆ, ಗೋಡೆಯಲ್ಲಿ ಪಾಚಿ, ದೀವಟಿಗೆಯ ಬೆಳಕು ಅಲುಗಾಡಿದರೆ ನೆರಳೂ ಅಲುಗಾಡುತ್ತಿತ್ತು. ನಮ್ಮ ನಾಲ್ವರ ಪಾತ್ರಗಳಿಗೂ ಗೊಂಬೆ ಮಾಡಿದ್ದ.

"ನಾಳಿಂದ ಇದ ನನ್ನ ಧಂದೆ. ರಾಜೀನಾಮೆ ಬರದ ಇಟ್ಟೀನಿ. ಕೊಡೂಕಿಂತ ಮೊದಲ ನೀವು ಒಮ್ಮೆ ಆಡಿ ನೋಡ್ರಿ," ಎಂದ.

"ಏಕ್‌ದಮ್ ಮಸ್ತ್ ಇದೆ ಯಾರ್!" ಎಂದ ಡಾಕ್ಟರ್. ಹೋಟೆಲಿನವಳು ಚಂದ ಉಂಟು ಎಂದಳು. ಚಂದ ಇದ್ದದ್ದು ನಿಜವೇ.

ಆಡತೊಡಗಿದೆವು. ನಾನು ಬಾಯಿ ತೆರೆಯುವ ಮೊದಲೇ ಎಲ್ಲರಿಗೂ ಎಲ್ಲವೂ ಕಾಣುತ್ತಿತ್ತು, ಹಾಗಾಗಿ ನನಗೆ ಹೇಳಲು ಹೆಚ್ಚೇನೂ ಉಳಿದಿರಲಿಲ್ಲ. ಡಾಕ್ಟರ್ ಸುಮಾರು ಹೊತ್ತು ತನ್ನ ಗೊಂಬೆಯ ಬೆನ್ನು ನೋಡುವುದರಲ್ಲೇ ಕಳೆದ. ಆಮೇಲೆ ಅವನಿಗೆ ಎಂದಿನ ಹುಕಿ ಬಂತು.

"ನಾನು ಕೋಟೆಗೆ ಹೋಗಲ್ಲ. ಊರ ಹೊರಗೆ ಬಾವಿ ಇರುತ್ತಲ್ಲ, ಅದರೊಳಗೆ ಇಳೀತೀನಿ."

"ಬಾವಿ ಎಲ್ಲೈತೋ? ಅಲ್ಲೇನೂ ಇಲ್ಲ," ಎಂದ ವಿಜಯಪುರದವನು.

"ಗಾಂವ್ ಇದೆ ಮತ್ಲಬ್ ಬಾವಿ ಇರಲೇಬೇಕು."

"ನಾ ಮಾಡಿಲ್ಲೋ ಮಾರಾಯ. ಒಂದ ಬಾವಿ ಮಾಡಾಕ ನನಗ ಎರಡ ದಿನ ಬೇಕು. ಸುಮ್ಮ ಕೋಟೆಗೆ ನಡಿ."

ಡಾಕ್ಟರ್ ಸುಮ್ಮನೆ ಕೋಟೆಗೆ ನಡೆದ. ಅಷ್ಟು ವರ್ಷಗಳಲ್ಲಿ ಬೇರೆಯವರು ಹೇಳಿದ ಕಡೆ ಅವನು ಹೋದದ್ದು ಅದೇ ಮೊದಲು. ಗಾಜಿನ ಮೇಲಾಗಿದ್ದರೆ ನಾನೊಂದು ಸೊನ್ನೆ ಸುತ್ತುತ್ತಿದ್ದೆ, ಬಾವಿ ಆಗಿಹೋಗುತ್ತಿತ್ತು. ಇಡೀ ಮಧ್ಯಾಹ್ನ ಅದರ ತಳದಲ್ಲೇ ಕಳೆದುಹೋಗುತ್ತಿತ್ತು.

ಆಟ ಮುಗಿದ ಮೇಲೆ ವಿಜಯಪುರದವನು ದರದ ವಿಷಯ ತೆಗೆದ. ಕತೆ ಹೇಳುವವರು ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು. ಕೋಟೆ, ಕಾಡು, ರಾಕ್ಷಸರು ಬೇಕಾದರೆ ಅವಕ್ಕೆ ಬೇರೆ. ಆಡುವವರಿಗೆ ಬಿಟ್ಟಿ. ಎಲ್ಲ ಕಡೆ ಸುಮಾರಾಗಿ ಹೀಗೇ ಇದೆ ಎಂದ. ಮಗಳ ಹಿಂದೆ ಕುಳಿತು ಪೇಪರ್ ಓದುತ್ತಿದ್ದ ಹೋಟೆಲಿನವಳ ಅಪ್ಪ ಕಿವಿ ನಿಮಿರಿಸಿ ಪರದೆಯ ಮುಂದೆ ಬಂದರು.

"ಇದು ಡೇರೆ ಆಟವಾ, ಹರಕೆ ಆಟವಾ? ಡೇರೆ ಆಟಕ್ಕಾದ್ರೆ ನೋಡುವವರು ಟಿಕೆಟ್ ತೆಗೀಬೇಕು. ಹರಕೆ ಆಟಕ್ಕಾದ್ರೆ ಹೇಳಿಕೊಂಡ ಮನೆಯವರು ಖರ್ಚು ಹಾಕ್ತಾರೆ, ಊರೆಲ್ಲ ನೋಡ್ತದೆ. ಭಾಗವತರ ಕಿಸೆಯಿಂದ ದುಡ್ಡು ತೆಗೆಯುವ ಆಟ ನಾನು ಈವರೆಗೆ ನೋಡ್ಲಿಲ್ಲ."

ಎಲ್ಲರೂ ನಕ್ಕೆವು. ಅವನೂ ನಕ್ಕ, ಆದರೆ ಮುಖ ಸ್ವಲ್ಪ ಇಳಿದಿತ್ತು. ಉಳಿದವರು ಹೋದ ಮೇಲೆ ನನ್ನನ್ನು ನಿಲ್ಲಿಸಿಕೊಂಡ.

"ಅವರದ ಬಿಡು, ಏನ ತೋರಿಸಿದ್ರೂ ಮಸ್ತ್ ಅಂತಾರ. ಕತಿ ಹೇಳಾಕಿ ನೀ. ಖರೇ ಹೇಳು, ನೀ ರೊಕ್ಕಾ ಕೊಟ್ಟು ತಗೋತಿ ಏನು?"

ಅವನ ಮನೆಯ ಸಾಲ, ಚಿಕ್ಕ ಮಗಳು, ಎಲ್ಲವೂ ನನಗೆ ಗೊತ್ತಿತ್ತು. ಆ ಪಾಚಿ ಬರಿಸಲು ಅವನೆಷ್ಟು ನಿದ್ದೆಗೆಟ್ಟಿರಬೇಕೆಂದೂ ಗೊತ್ತಿತ್ತು. ನಾಲಿಗೆಯ ತುದಿಗೆ ಬಂದ ಹೌದನ್ನು ನುಂಗಿಕೊಂಡೆ.

"ಇಲ್ಲೋ. ಭಾಳ ಚಂದ ಐತಿ, ಆದ್ರ ನಾ ತಗೊಳ್ಳಂಗಿಲ್ಲ. ನೋಡಾವ್ರು ಒಮ್ಮೆ ನೋಡಿ ಬೆರಗಾಗತಾರ. ವಾರಾ ವಾರಾ ಗೋಡೆ ಕಟ್ಟಾಕಿ ನಾನು. ಅವರು ಬಾವಿ ಕೇಳಿದ್ರ ನಾ ಎಲ್ಲಿಂದ ತರಲಿ?"

"ಆತು," ಎಂದು ಕಾಲ್ ಕಟ್ ಮಾಡಿದ.

ಅದಾದ ಮೇಲೆ ಎರಡು ತಿಂಗಳು ಅವನ ಸುದ್ದಿಯಿಲ್ಲ. ಗ್ರೂಪಿನಲ್ಲಿ ಮೆಸೇಜ್ ಹಾಕಿದರೆ ಓದಿದ ಗುರುತಿನ ನೀಲಿ ಗೀಟು ಬೀಳುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ರಾಜೀನಾಮೆ ಕೊಟ್ಟನೋ ಇಲ್ಲವೋ, ಕೇಳುವ ಧೈರ್ಯ ಯಾರಿಗೂ ಇಲ್ಲ. ನನಗೆ ನನ್ನ ಮೇಲೇ ಸಿಟ್ಟು. ಸುಳ್ಳು ಹೇಳಿದ್ದರೆ ಅವನ ಮನೆ ಮುಳುಗುತ್ತಿತ್ತೇನೋ, ನಿಜ ಹೇಳಿದ್ದಕ್ಕೆ ನಮ್ಮ ಟೇಬಲ್ ಮುಳುಗಿತು ಎಂದುಕೊಂಡು ಲೋಕಲ್ಲಿನಲ್ಲಿ ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದೆ.

ಆಮೇಲೊಂದು ಭಾನುವಾರ ಮಧ್ಯಾಹ್ನ ಗ್ರೂಪಿಗೆ ಅವನಿಂದ ಬರೀ ಒಂದು ಲಿಂಕ್ ಬಂತು. ತೆರೆದೆ. ಕೋಟೆಯಿಲ್ಲ, ಪಾಚಿಯಿಲ್ಲ. ಖಾಲಿ ಟೇಬಲ್, ಅದರ ಮೇಲೆ ಮೂಲೆ ಒಡೆದ ದಪ್ಪ ಗಾಜು, ಗಾಜಿನ ಕೆಳಗೆ ಮೆನು. ಪಕ್ಕದಲ್ಲಿ ಒಂದು ಮಾರ್ಕರ್, ಸ್ಟೀಲ್ ವಾಟಿ, ಒದ್ದೆಬಟ್ಟೆ. ಹೋಟೆಲಿನವಳ ಹತ್ತಿರವಿದ್ದ ಹಳೆಯ ಫೋಟೋ ತರಿಸಿಕೊಂಡು ಮಾಡಿದ್ದನಂತೆ. ದಾಳ ಹಾಕಿದರೆ ವಾಟಿ ಅದೇ ಸದ್ದು ಮಾಡಿತು. ನನಗೆ ಅಳು ಬಂತು. ಅಷ್ಟರಲ್ಲಿ ಉಳಿದವರೂ ಕಾಲ್‌ಗೆ ಬಂದಿದ್ದರು. ಮಾತಾಡಿದರೆ ಗೊತ್ತಾಗುತ್ತದೆಂದು ಮೈಕ್ ಮುಚ್ಚಿಕೊಂಡೆ.

"ಅರೆ, ಶೆಜ್ವಾನ್ ಎಲ್ಲಿ?" ಎಂದ ಡಾಕ್ಟರ್.

"ಬಲಕ್ಕ ಸರಕೊಂಡು ನೋಡೋ ಕುರುಡಾ."

ಹೋಟೆಲಿನವಳ ಅಪ್ಪ ಕನ್ನಡಕ ಏರಿಸಿಕೊಂಡು ಬಂದರು. ತುಂಬ ಹೊತ್ತು ನೋಡಿದರು. ಗಾಜಿನ ಮೇಲೆ ಅವನು ಚಹಾದ ಲೋಟದ ಉಂಗುರವೊಂದನ್ನು ಮೂಡಿಸಿದ್ದ. ಅವರು ಹೆಗಲ ಮೇಲಿನ ಬೈರಾಸು ತೆಗೆದು ಪರದೆಯನ್ನು ಉಜ್ಜಿದರು, ಹೋಗಲಿಲ್ಲ, ಮತ್ತೊಮ್ಮೆ ಉಜ್ಜಿದರು.

"ಇದಕ್ಕೆ ಎಷ್ಟು ಮಾರಾಯ?" ಎಂದು ಕೇಳಿದರು ಕೊನೆಗೆ.

"ಇದು ಮಾರೂದಲ್ರೀ ಕಾಕಾ. ನೌಕರಿ ಐತಿ, ಬಿಟ್ಟಿಲ್ಲ. ಇದನ್ನ ಯಾರು ತಗೋತಾರ?"

"ಬಿಟ್ಟಿ ಕೊಡ್ಬೇಡ. ಇವರೆಲ್ಲ ಕಾಂಟ್ರಿ ಹಾಕ್ಲಿ. ಭಾಗವತರ ಹತ್ರ ಮಾತ್ರ ಕೇಳ್ಬೇಡ."

ನಾನು ಮಾರ್ಕರ್ ತೆಗೆದುಕೊಂಡು ಮೆದುವಡಾದ ಮೇಲೆ ಕೋಟೆ ಬರೆದೆ. ಆಮೇಲೆ, ಯಾರೂ ಕೇಳುವ ಮೊದಲೇ, ಇಡ್ಲಿಯ ಪಕ್ಕದಲ್ಲೊಂದು ಸೊನ್ನೆ ಸುತ್ತಿದೆ. ಡಾಕ್ಟರ್ ಸೀದಾ ಅದರೊಳಗೆ ಇಳಿದ. ತಳದಲ್ಲಿ ಏನಿತ್ತೆಂದು ನನಗೂ ಗೊತ್ತಿರಲಿಲ್ಲ. ಹೇಳುತ್ತ ಹೋದೆ, ಒಂದೊಂದೇ ಕಾಣತೊಡಗಿತು. ವಿಜಯಪುರದವನು ಹಗ್ಗ ಬಿಟ್ಟ, ಹೋಟೆಲಿನವಳು ದೀವಟಿಗೆ ಹಿಡಿದಳು. ನೀರೊಳಗಿಂದ ಏನೋ ಮೇಲೆ ಬರುತ್ತಿತ್ತು, ಡಾಕ್ಟರ್ ದಾಳ ಹಾಕಲು ವಾಟಿ ಎತ್ತಿದ್ದ.

ಆಗ ಹೋಟೆಲಿನವಳ ವಸಯಿ ಫ್ಲ್ಯಾಟಿನ ಒಳಕೋಣೆಯಿಂದ ಕೂಗು ಬಂತು.

"ಐದೂವರೆ ಆಯ್ತು, ಟೇಬಲ್ ಬಿಡಿ ಮಾರಾಯ್ರೆ!"

ಆ ಟೇಬಲ್ಲಿಗೆ ಸಂಜೆಯ ಗಿರಾಕಿಗಳು ಯಾರೂ ಬರುವವರಿರಲಿಲ್ಲ. ಅದು ನಮಗೆ ನಾಲ್ವರಿಗೂ ಗೊತ್ತಿತ್ತು, ಕೂಗಿದವರಿಗೂ ಗೊತ್ತಿತ್ತು. ಡಾಕ್ಟರ್ ವಾಟಿ ಕೆಳಗಿಟ್ಟ. ಹೋಟೆಲಿನವಳು ಒದ್ದೆಬಟ್ಟೆ ಎತ್ತಿಕೊಂಡು ಕೋಟೆ, ಬಾವಿ ಎಲ್ಲವನ್ನೂ ಒರೆಸಿದಳು, ನಾವು ಎದ್ದೆವು.